ಸಮುದ್ರಕ್ಕೆ ಬಿದ್ದ ಹಿರೀಸಾವೆ

"ನೀವು ಹಿರೀಸಾವೆಗೆ ಹೋಗೇ ಇಲ್ಲ! ಮನೇಲಿ ಕೂತು ಸುಳ್ಳು ಅಂಕಿ ಬರೆದಿದ್ದೀರಾ!"

ಹಾಸನದ ಆ ಪುಟ್ಟ ಆಫೀಸಿನಲ್ಲಿ ಗೌತಮಿ ಸಂಜಯ್‌ನ ಮೇಲೆ ರೇಗಿದಳು. ಎದುರಿಗೆ ಖಾಸಗಿ ಬಸ್ ಮಾಲೀಕರು. ಅವರಿಗಾಗಿ ಅವಳು ಮಾಡುತ್ತಿದ್ದ ವೆಬ್‌ಸೈಟಿನಲ್ಲಿ ಅವರ ಬಸ್‌ಸ್ಟಾಪುಗಳೆಲ್ಲ ಉತ್ತರ ಧ್ರುವದ ಹತ್ತಿರ, ಸಮುದ್ರದಲ್ಲಿ ತೇಲುತ್ತಿದ್ದವು!

ಸಂಜಯ್‌ನನ್ನು ಅವಳು ನೋಡಿದ್ದು ಅಂದೇ ಮೊದಲು. ದುಬಾರಿ ಮ್ಯಾಪಿಗೆ ಮಾಲೀಕರು ಒಪ್ಪಿರಲಿಲ್ಲ. ಎಲ್ಲರೂ ಸೇರಿ ತುಂಬುವ ಪುಕ್ಕಟೆ ಮ್ಯಾಪಿನಲ್ಲಿ, 2008ರಲ್ಲಿ, ನಮ್ಮ ಕಡೆಯ ಸ್ಟಾಪುಗಳೇ ಇರಲಿಲ್ಲ. ಅದಕ್ಕೇ ಇವನು ಜಿಪಿಎಸ್ ಹಿಡಿದು ಬೈಕಿನಲ್ಲಿ ಊರೂರು ಸುತ್ತಿ ಪ್ರತಿ ಸ್ಟಾಪಿನ ಅಕ್ಷಾಂಶ, ರೇಖಾಂಶದ ಅಂಕಿ ಬರೆದು ತಂದಿದ್ದ.

"ಓಗಿದ್ದೀನಿ ಕಣ್ರೀ..." ಅವನ ಮುಖ ಕೆಂಪಾಗಿತ್ತು.

ಮಾಲೀಕ ನಂಜಪ್ಪ ಗೊಳ್ಳನೆ ನಕ್ಕರು. "ಏನ್ಲಾ ಸಂಜಯ, ದೋಣಿ ಮಾಡ್ಕಂಡು ಓಗಿದ್ಯಾ?"

ಅವನು ನೋಟ್‌ಬುಕ್ ಮೇಜಿನ ಮೇಲಿಟ್ಟು ಹೊರಟೇಬಿಟ್ಟ.

ಸಂಜೆ ಅದನ್ನು ತೆರೆದಳು. 'ನುಗ್ಗೇಹಳ್ಳಿ: ನೆರಳಿಲ್ಲ. ಅಜ್ಜಿಯರು ಬಿಸಿಲಲ್ಲೇ ನಿಲ್ಲುತ್ತಾರೆ.' 'ಕೊಣನೂರು: ಸಂತೆ ದಿನ ಬಸ್ ನೂರು ಹೆಜ್ಜೆ ಮುಂದೆ ನಿಲ್ಲುತ್ತೆ.'

ಮನೇಲಿ ಕೂತವನು ಬರೆಯುವ ಮಾತೇ ಇದು?

ತನ್ನ ಪ್ರೋಗ್ರಾಂ ನೋಡಿದಳು. ಜಿಪಿಎಸ್ ಅಕ್ಷಾಂಶ ಮೊದಲು ಹೇಳುತ್ತದೆ; ಈ ಮ್ಯಾಪಿಗೆ ರೇಖಾಂಶವನ್ನೇ ಮೊದಲು ಕೊಡಬೇಕು. ಅವಳು ಬಂದದ್ದನ್ನು ಬಂದಂತೆಯೇ ತುಂಬಿದ್ದಳು! ಎರಡನ್ನೂ ಅದಲುಬದಲು ಮಾಡಿದಳು. ಹಿರೀಸಾವೆ ಹೆದ್ದಾರಿ ಪಕ್ಕ ಬಂದು ಕೂತಿತು.

ಅಯ್ಯೋ... ತಪ್ಪು ನನ್ನದು, ಮಾನ ಹೋಗಿದ್ದು ಅವನದು! ಇಷ್ಟಪಡಬೇಕಾದವನನ್ನ ಸುಳ್ಳುಗಾರ ಅಂದುಬಿಟ್ಟೆನಲ್ಲ!

ಮರುದಿನ ಅವನ ಊರು ಕೊಣನೂರಿಗೆ ಬಸ್ ಹತ್ತಿದಳು. ಸ್ಟಾಪಿನಲ್ಲೇ ಸಿಕ್ಕ.

"ಕ್ಷಮಿಸಿ... ತಪ್ಪು ನನ್ನದೇ."

"ಇಲ್ಲಿ ಯೋಳಿದ್ರೆ ಏನ್ ಬಂತು? ನಗಾಡಿದೋರು ಇಲ್ಲಿಲ್ಲ."

"ಸೋಮವಾರ ಮಾಲೀಕರ ಮೀಟಿಂಗಿದೆ. ಬನ್ನಿ."

ಸೋಮವಾರ ಮಾಲೀಕರೆದುರು ಎದ್ದು ನಿಂತಳು. "ಸಂಜಯ್ ಒಂದೊಂದು ಸ್ಟಾಪಿಗೂ ಹೋಗಿದ್ದರು. ತಪ್ಪು ಮಾಡಿದವಳು ನಾನು. ಅವರನ್ನ ಸುಳ್ಳುಗಾರ ಅಂದವಳೂ ನಾನೇ."

ಯಾರೂ ನಗಲಿಲ್ಲ. ನಂಜಪ್ಪನವರೇ ಎದ್ದು ಬಾಗಿಲಲ್ಲಿದ್ದ ಸಂಜಯ್‌ನ ಬೆನ್ನು ತಟ್ಟಿ ಹೋದರು.

ಮಾಲೀಕರೆಲ್ಲ ಹೋದ ಮೇಲೂ ಅವಳು ನೆಲವನ್ನೇ ನೋಡುತ್ತಿದ್ದಳು.

"ತಲೆ ಎತ್ತಿ ಗೌತಮಿ."

"ಆಗ್ತಿಲ್ಲ... ನಾಚಿಕೆ ಆಗುತ್ತೆ."

ಅವನು ನೋಟ್‌ಬುಕ್ಕಿನ ಖಾಲಿ ಹಾಳೆ ತೆರೆದ. "ಒಂದ್ ಪಾಯಿಂಟ್ ಬಾಕಿ ಐತೆ. ನೀವು ಹೊಳೆನರಸೀಪುರದೋರಂತೆ, ನಿಮ್ಮನೆ ಎಲ್ಲಿ?"

"ನಮ್ಮನೆ ಮುಂದೆ ಬಸ್ ನಿಲ್ಲಲ್ಲ..."

"ನನ್ ಬೈಕ್ ನಿಲ್ತದೆ."

ಅವಳು ಕಣ್ಣೊರೆಸಿಕೊಂಡು ಪೆನ್ನು ತೆಗೆದುಕೊಂಡಳು. "ನಾನೇ ಬರೀತೀನಿ. ಯಾವುದು ಮೊದಲು ಅಂತ ನೀವು ಹೇಳಿ..."

"ಮೊದ್ಲು ನೀವು ನಗಿ. ಮಿಕ್ಕಿದ್ದು ಆಮೇಲೆ."