ಯಾರೂ ಅಲ್ಲದವನು

ಸಿಯಾಸಿ ಮನಸೋತದ್ದು ತನ್ನ ಅಜ್ಜನಿಗೆ. ಅಜ್ಜನ ವಯಸ್ಸು ಇಪ್ಪತ್ತೇಳು.

ನಗಬೇಡಿ. ಅವಳ ಅಜ್ಜ ಕುಪಾಪಿಕ್ ತೀರಿಕೊಂಡ ವಾರವೇ ಪಕ್ಕದ ಮನೆಯಲ್ಲಿ ಗಂಡು ಹುಟ್ಟಿತು. ಅದಕ್ಕೆ ಆ ಹೆಸರಿಟ್ಟರು. ಧ್ರುವದ ಹತ್ತಿರದ ಹಿಮದೂರು ಕಿನ್‌ಗೈಟ್‌ನಲ್ಲಿ ಸತ್ತವರ ಹೆಸರು ಯಾರಿಗೆ ಹೋಯಿತೋ ಸಂಬಂಧವೂ ಅವರಿಗೇ ಹೋಗುತ್ತದೆ. ಸಿಯಾಸಿಯ ತಾಯಿ ಆ ಹಸುಗೂಸನ್ನು ‘ಅಪ್ಪಾ’ ಎಂದಳು. ಎರಡು ವರ್ಷ ಕಳೆದು ಹುಟ್ಟಿದ ಸಿಯಾಸಿ, ಮಾತು ಬಂದಂದಿನಿಂದ ಅವನನ್ನು ‘ಅಜ್ಜಾ’ ಎಂದಳು.

ಅಜ್ಜ ಬೆಳೆದು ಊರಿನ ಮುದ್ರಣಶಾಲೆಯಲ್ಲಿ, ಹಾಳೆಗೆ ಅಚ್ಚೊತ್ತುವ ಚಿತ್ರಗಳನ್ನು ಕಲ್ಲಿನಲ್ಲಿ ಕೆತ್ತುವವನಾದ. ಉತ್ತರ ಧ್ರುವದಿಂದ ಈಚೆಗೆ ಅಂಥ ಕೈ ಇನ್ನೊಂದಿಲ್ಲ. ಅವನು ಉಳಿ ಎತ್ತಿದರೆ ಕಲ್ಲು ತಾನಾಗಿಯೇ ಮೈ ಸಡಿಲಿಸುತ್ತಿತ್ತು. ಸಿಯಾಸಿ ಅಲ್ಲೇ ಚಿತ್ರ ಬರೆಯುವವಳು. ಅವಳ ಹಿಮದ ಚಿತ್ರ ನೋಡಿದವರಿಗೆ ಜುಲೈನಲ್ಲೂ ನೆಗಡಿ ಹಿಡಿಯುತ್ತಿತ್ತು. ನನಗೇ ಎರಡು ಸಲ ಹಿಡಿದಿದೆ.

ಆ ವಸಂತದಲ್ಲಿ ಅವಳು ಬರೆದದ್ದು ಹಿಮದಂಚು: ಹೆಪ್ಪುಗಟ್ಟಿದ ಕಡಲು ಮುಗಿದು ತೆರೆದ ನೀರು ಶುರುವಾಗುವ ಜಾಗ. ಮೇಲೆಲ್ಲ ಬಿಳುಪು, ಕೆಳಗೆ ಕಪ್ಪು, ನಡುವೆ ಒಂದೇ ಗೆರೆ. ಆ ಒಂದು ಗೆರೆಯನ್ನು ಕಲ್ಲಿನಲ್ಲಿ ಕೆತ್ತಲು ಅವನು ಒಂಬತ್ತು ದಿನ ತೆಗೆದುಕೊಂಡ.

“ಅಜ್ಜಾ, ನಿನ್ನ ಉಳಿ ನಿದ್ದೆ ಮಾಡ್ತಿದೆಯಾ?”

“ಮೊಮ್ಮಗಳೇ, ನಿನ್ನ ಗೆರೆ ಇಲ್ಲಿ ನಡುಗಿದೆ. ನಡುಗಿದ್ದು ಹಿಮವೋ, ನಿನ್ನ ಕೈಯೋ?”

“ನಿನಗ್ಯಾಕೆ?”

“ಹಿಮ ಆದ್ರೆ ಹಾಗೇ ಕೆತ್ತಬೇಕು. ಕೈ ಆದ್ರೆ, ಅದನ್ನೂ ಹಾಗೇ ಕೆತ್ತಬೇಕು.”

ಆ ಗೆರೆ ಬರೆಯುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಹಾಗೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಕೂತಿತ್ತು. ಒರೆಸಲೆಂದು ಎತ್ತಿದ ಕೈಯಿಂದ ತನ್ನ ಕೂದಲನ್ನೇ ಸರಿಮಾಡಿಕೊಂಡಳು.

ಗುರುವಾರ ತಾಯಿ ಹಿಟ್ಟು ನಾದುತ್ತ ಹೇಳಿದಳು: “ಅಪ್ಪನಿಗೊಂದು ಹೆಣ್ಣು ನೋಡಿದೀನಿ ಕಣೇ. ನರ್ಸಮ್ಮನ ತಂಗಿ. ಶನಿವಾರ ಇಬ್ಬರನ್ನೂ ಮನೆಗೆ ಕರೆದಿದೀನಿ.”

“ಅವನು ಒಪ್ಪಿದ್ನಾ?”

“ಮಗಳ ಮಾತನ್ನ ಅಪ್ಪ ಯಾವತ್ತು ತೆಗೆದುಹಾಕಿದಾನೆ?”

ನಿಜವೇ. ಹುಟ್ಟಿದಂದಿನಿಂದ ಅವನು ಈ ಐವತ್ತರ ಮಗಳ ಮಾತು ಮೀರಿದವನಲ್ಲ. ಅಂದು ಸಿಯಾಸಿಯ ಪಾಲಿನ ರೊಟ್ಟಿ ಬೀದಿನಾಯಿಗೆ ಹೋಯಿತು.

ಶುಕ್ರವಾರ ಕಲ್ಲಿಗೆ ಶಾಯಿ ಹಚ್ಚಿದರು. ತೆಳು ಹಾಳೆ ಹಾಸಿ ಇಬ್ಬರೂ ಎರಡು ಕಡೆಯಿಂದ ಉಜ್ಜುತ್ತ ಬಂದರು. ಹಿಮದಂಚಿನ ಮೇಲೆ ಬೆರಳುಗಳು ಎದುರಾದವು. ಯಾವುವೂ ದಾರಿ ಬಿಡಲಿಲ್ಲ. ಹಾಳೆ ಎತ್ತಿದಾಗ ಕೋಣೆಯೊಳಗೆ ಎಂಥ ಚಳಿ ನುಗ್ಗಿತೆಂದರೆ, ಆಣೆಮಾಡಿ ಹೇಳುತ್ತೇನೆ, ಕುದಿಯುತ್ತಿದ್ದ ಕೆಟಲ್ ಸುಮ್ಮನಾಯಿತು.

ಅವಳು ಅಂಚಿನಲ್ಲಿ ತನ್ನ ಹೆಸರು ಬರೆದು ಪೆನ್ಸಿಲ್ ಚಾಚಿದಳು. “ಕೆತ್ತಿದವನ ಹೆಸರು ಹಾಕು, ಅಜ್ಜ. ನಾಳೆ ಮದುಮಗ ಆಗೋನು.”

ಅವನು ನಿಧಾನವಾಗಿ ಬರೆದ: ಅಲಾಸುವಾ.

“ಇದ್ಯಾರು?”

“ನಾನೇ. ಹುಟ್ಟಿದಾಗ ಎರಡು ಹೆಸರಿಟ್ಟಿದ್ರು. ಇದು ಜಲಸಂಧಿಯಾಚೆಯ ಒಬ್ಬ ಬೇಟೆಗಾರಂದು. ಯಾರೂ ಕರೆಯಲ್ಲ.”

“ಅವನು ನಮ್ಮ ಮನೆಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ. ನಮ್ಮಮ್ಮನ್ನ ಕೇಳ್ದೆ. ಪಾದ್ರಿಯ ಹಳೇ ಹುಟ್ಟು-ಸಾವಿನ ಪುಸ್ತಕ ನೋಡ್ದೆ. ಆಚೆ ದಡಕ್ಕೆ ಮೂರು ಸಲ ಫೋನ್ ಮಾಡ್ದೆ.” ಅವನ ಕಿವಿ ಕೆಂಪಾಯಿತು. “ನಾನು ನಿನಗೆ ಯಾರೂ ಅಲ್ಲ.”

ಭೂಮಿಯ ಮೇಲೆ ಹೆಣ್ಣೊಬ್ಬಳು ಕೇಳಿದ ಅತಿ ಸಿಹಿಯಾದ ಮಾತು ಅದು. ಅಲ್ಲವೆನ್ನುವವರು ನನ್ನೆದುರು ಬರಲಿ.

“ಇನ್ನೊಂದ್ಸಲ ಹೇಳು.”

“ಯಾರೂ ಅಲ್ಲ, ಸಿಯಾಸಿ.”

ಅವನ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು.

ಆ ಸಂಜೆಯೇ ಇಬ್ಬರೂ ತಾಯಿಯ ಮುಂದೆ ನಿಂತರು. ಅವನು ಎಲ್ಲವನ್ನೂ ಹೇಳಿದ. ತಾಯಿ ಕೈಗಂಟಿದ ಹಿಟ್ಟನ್ನು ಒಂದೊಂದೇ ಬೆರಳಿಂದ ಬಿಡಿಸಿದಳು. ಅಷ್ಟು ಹೊತ್ತಿನಲ್ಲಿ ಕೊಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಬಹುದಿತ್ತು.

“ಅಂದ್ರೆ ಇನ್ನು ನೀನು ನನ್ನಪ್ಪ ಅಲ್ವಾ?” ಅವಳ ದನಿ ಸಣ್ಣಗಾಗಿತ್ತು.

“ನಿನಗೆ ಯಾವತ್ತೂ ಅಪ್ಪನೇ, ಮಗಳೇ. ಇವಳಿಗೆ ಮಾತ್ರ ಅಲಾಸುವಾ.”

ತಾಯಿ ಮೂಗೊರೆಸಿಕೊಂಡಳು. ಲೆಕ್ಕ ಹಾಕುವವಳಂತೆ ಸಿಯಾಸಿಯನ್ನು ಮೇಲಿಂದ ಕೆಳಗೆ ನೋಡಿದಳು.

“ನಮ್ಮಪ್ಪನ್ನ ಕಟ್ಕೊಂಡ್ರೆ ನೀನು ನನಗೆ ಅಮ್ಮ ಆಗ್ತೀಯ,” ಎಂದಳು. “ಅಲ್ಲೇ ಯಾಕ್ ನಿಂತಿದೀಯಮ್ಮಾ? ನಿನ್ನ ಮಗಳಿಗೆ ಹಸಿವಾಗ್ತಿದೆ.”