ಜ್ವರಕ್ಕೆ ಕೂತ ಹುಳಗಳು

"ಸತ್ತೋಗವೆ ಕಣೇ! ಎಸಿ ಆಚೆಗೆ!"

ಮದನನ ಕೂಗಿಗೆ ಇಡೀ ಐದನೇ ಕ್ಲಾಸು ಪವಿತ್ರಳ ಡೆಸ್ಕನ್ನು ಮುತ್ತಿಕೊಂಡಿತು. ಶೂ ಡಬ್ಬದೊಳಗೆ, ಹಿಪ್ಪುನೇರಳೆ ಸೊಪ್ಪಿನ ಮೇಲೆ ರೇಷ್ಮೆ ಹುಳಗಳು ತಲೆಯೆತ್ತಿಕೊಂಡು ಕಲ್ಲಿನಂತೆ ಕೂತಿದ್ದವು.

ಅಯ್ಯೋ, ಇದೇನಾಯ್ತು! ಬೆಳಗ್ಗೆ ಬನ್ನೂರಿನ ಬಸ್ಸು ಹತ್ತುವಾಗ ಚರಚರ ಮೇಯುತ್ತಿದ್ದವಲ್ಲ!

ಹಿಂದಿನ ದಿನ ಮೈತ್ರೇಯಿ ಮಿಸ್ ಇಂಗ್ಲಿಷ್ ಪಾಠದಲ್ಲಿ ಹೇಳಿದ್ದರು: "ಅಲೈವ್ ಅಂದ್ರೆ ಜೀವ ಇರೋದು. ಲೈವ್ಲಿ ಅಂದ್ರೆ ಲವಲವಿಕೆಯಿಂದ ಇರೋದು. ಲೈವ್ಲಿಗೆ ಒಂದು ಉದಾಹರಣೆ ತನ್ನಿ." "ನಮ್ಮ ಹುಳ ತರ್ತೀನಿ ಮಿಸ್!" ಎಂದು ಪವಿತ್ರ ಜಂಬ ಕೊಚ್ಚಿದ್ದಳು.

"ಇದಾ ನಿನ್ ಲೈವ್ಲಿ?" ಮದನ ಪೆನ್ಸಿಲ್ ಎತ್ತಿದ. "ಚುಚ್ಚಿ ನೋಡಣ. ಜೀವ ಇದ್ರೆ ಅಲ್ಲಾಡ್ತವೆ."

ಪವಿತ್ರಳಿಗೆ ತಟ್ಟನೆ ಅಜ್ಜಿ ಮಂಗಳಮ್ಮನ ಮಾತು ನೆನಪಾಯಿತು. ಪೊರೆ ಬಿಡುವ ಹೊತ್ತಿಗೆ ಹುಳಗಳು ಮೇವು ಬಿಟ್ಟು ಸುಮ್ಮನೆ ಕೂರುತ್ತವೆ. ಅದಕ್ಕೆ ಅವರ ಕಡೆ ಜ್ವರ ಎನ್ನುತ್ತಾರೆ. ಆಗ ಮಕ್ಕಳನ್ನು ಹುಳದ ಮನೆಯೊಳಕ್ಕೆ ಬಿಡುವುದೇ ಇಲ್ಲ. "ಈಗ ಮುಟ್ಟುದ್ರೆ ಪೊರೆ ಬುಡಕ್ಕಾಗ್ದೆ ಸತ್ತೋಯ್ತವೆ ಕಣವ್ವ" ಎಂದು ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು.

ಪವಿತ್ರ ಎರಡೂ ಕೈ ಅಡ್ಡ ಹಿಡಿದಳು. "ಮುಟ್ಬ್ಯಾಡ! ಜ್ವರಕ್ಕೆ ಕೂತವೆ."

"ಹುಳಕ್ಕೆ ಜ್ವರವಂತೆ! ಮಾತ್ರೆ ನುಂಗ್ಸು!"

ಎಲ್ಲರೂ ಹೋ ಎಂದು ನಕ್ಕರು. ಪವಿತ್ರಳ ಕಣ್ಣು ತುಂಬಿತು. ಒಂದೇ ಒಂದು ಸಲ ಚುಚ್ಚಲು ಬಿಟ್ಟರೆ ಇವರ ಬಾಯಿ ಮುಚ್ಚುತ್ತದೆ. ಆದರೆ ಹುಳ?

"ಎಷ್ಟು ಬೇಕಾದ್ರೂ ನಗ್ರೋ. ಚುಚ್ಚಕ್ಕೆ ಮಾತ್ರ ಬಿಡಲ್ಲ."

ಮಿಸ್ ಬಂದು ಬಗ್ಗಿ ನೋಡಿದರು. "ಸತ್ತಿದ್ರೆ ನಾಳೆಗೆ ಕ್ಲಾಸೆಲ್ಲ ವಾಸನೆ ಬರುತ್ತಲ್ಲ, ಪವಿತ್ರ. ಮನೆಗೆ ತಗೊಂಡು ಹೋಗ್ತೀಯಾ?"

"ನಾಳೆವರ್ಗೂ ಇಲ್ಲೇ ಬಿಡಿ ಮಿಸ್. ಬಸ್ಸಲ್ಲಿ ಕುಲುಕ್ದಂಗಾಯ್ತದೆ."

ಮಿಸ್ ಹೂಂ ಎಂದರು. ಪವಿತ್ರ ಊಟದ ತಟ್ಟೆಗೆ ನೀರು ತುಂಬಿ, ನಡುವೆ ಇಟ್ಟಿಗೆಯಿಟ್ಟು, ಅದರ ಮೇಲೆ ಡಬ್ಬವನ್ನು ಮೆಲ್ಲಗೆ ಕೂರಿಸಿದಳು. ಇನ್ನು ಇರುವೆಯ ಕಾಟವಿಲ್ಲ.

ಮರುದಿನ ಹೊಸ ಸೊಪ್ಪು ಹಿಡಿದು ಓಡಿ ಬಂದರೆ, ಮದನ ಆಗಲೇ ಡಬ್ಬದ ಮುಂದೆ ನಿಂತಿದ್ದ.

"ಪವಿ, ಬಾರೇ ಬೇಗ! ಅರಿದಾಡ್ತಾವೆ! ತಲೆ ದಪ್ಪ ಆಗದೆ!"

ಸೊಪ್ಪು ಹಾಕಿದ್ದೇ ತಡ, ಚರಚರ ಸದ್ದು ಶುರುವಾಯಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೇಳಿದರು.

"ಇವತ್ತು ಲೈವ್ಲಿ," ಎಂದರು ಮಿಸ್ ನಗುತ್ತಾ. "ನಿನ್ನೆ?"

"ಬರೀ ಅಲೈವ್!" ಮದನ ಕಿರುಚಿದ.

ಪವಿತ್ರ ಡಬ್ಬದ ಮೂಲೆಯಿಂದ ಮುದುಡಿದ ಒಂದು ಪೊರೆಯನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡಳು. ನಿನ್ನೆ ಎಲ್ಲರೂ ನಗುತ್ತಿದ್ದಾಗ ಹುಳಗಳು ಸದ್ದಿಲ್ಲದೆ ಇದರಿಂದ ಹೊರಬರಲು ಹೆಣಗುತ್ತಿದ್ದವು.

"ಅಲೈವ್ ಸರಿ ಕಣೋ," ಎಂದಳು. "'ಬರೀ' ಅನ್ಬ್ಯಾಡ."