ಶ್ಯಾಮಲಾ ಸುಟ್ಟ ಪವರ್ ಸಪ್ಲೈ

"ಅದು ತೆಂಗಿನಕಾಯಲ್ಲ ಮೇಡಂ! ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸಬೇಡಿ!"

ಶ್ಯಾಮಲಾ ನಿಲ್ಲಿಸಲಿಲ್ಲ. ಅರಸೀಕೆರೆಯ ಬಿ.ಎಚ್. ರಸ್ತೆಯ ಆ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು, ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಎಂಬ ತಗಡಿನ ಡಬ್ಬವನ್ನು ಇನ್ನೆರಡು ಸಲ ಜೋರಾಗಿ ಅಲ್ಲಾಡಿಸಿದಳು.

"ಒಳಗೆ ಏನೋ ಉರುಳ್ತಿದೆ ಕಣ್ರೀ. ಇದು ಬೇಡ."

ಅಂಗಡಿಯ ತಿಮ್ಮೇಶನಿಗೆ ರೇಗಿತು. ಡಬ್ಬ ಕಿತ್ತುಕೊಂಡು, ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದ. ಟಣ್ ಎಂದು ಒಂದು ಸ್ಕ್ರೂ ಬಿತ್ತು.

ತಿಮ್ಮೇಶ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

ಆ ಸ್ಕ್ರೂ ಒಳಗೇ ಇದ್ದು ಕರೆಂಟು ಹರಿದಿದ್ದರೆ, ಅಂಗಡಿಯ ಛಾವಣಿ ಹಾರಿ ತಿಪಟೂರಿನಲ್ಲಿ ಸಿಗುತ್ತಿತ್ತು. ಇದು ಸ್ವಲ್ಪ ಹೆಚ್ಚಾಯಿತು ಎನ್ನುವವರು ಇನ್ನೂ ಹತ್ತಿರದ ಬಾಣಾವರದಲ್ಲಿ ಅಂತ ಓದಿಕೊಳ್ಳಬಹುದು.

"ಮೂರು ವರ್ಷದಿಂದ ಅಂಗಡಿ ನಡೆಸ್ತಿದೀನಿ..." ತಿಮ್ಮೇಶ ಅವಳನ್ನೇ ನೋಡುತ್ತಾ ನಿಂತ. "ಹಿಂಗೆ ಟೆಸ್ಟ್ ಮಾಡಿದವ್ರನ್ನ ನೋಡಿಲ್ಲ."

"ನಮ್ ಹಗರೆ ಕಡೆ ಎಲ್ಲಾ ಹಿಂಗೇ," ಎಂದಳು. ಹೆಮ್ಮೆಗೆ ಕೆನ್ನೆ ಕೆಂಪಾಯಿತು. 'ಇವನ್ಯಾಕೆ ಹಿಂಗ್ ನೋಡ್ತಾನೆ? ರೆಪ್ಪೆ ಬಡಿಯೋದೇ ಮರ್ತನಾ!'

ಅದು 2002. ಬೇಲೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಲಸ ಬಿಟ್ಟು, ಹಗರೆಯಲ್ಲೇ ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ ಮಾಡಿಕೊಡುವ ಡಿ.ಟಿ.ಪಿ. ಅಂಗಡಿ ಇಡಬೇಕೆಂದು ಶ್ಯಾಮಲಾ ಹೊರಟಿದ್ದಳು. ಜಗತ್ತಿನಲ್ಲಿ ಅವಳಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ. ಅವಳ ಬಾಯಿಂದ 'ತಪ್ಪಾಯ್ತು' ಎಂಬ ಮಾತು ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಅವಳು ಪತ್ರಿಕೆಯೊಂದನ್ನು ನೋಡಿ ಬರೆದುಕೊಂಡು ಬಂದಿದ್ದ ಪಟ್ಟಿಯನ್ನು ತಿಮ್ಮೇಶ ಓದಿದ.

"ಈ ಪ್ರೊಸೆಸರ್ ಈ ಮದರ್‌ಬೋರ್ಡಲ್ಲಿ ಕೂರಲ್ಲ. ಇದರ ಕಾಲುಗಳೇ ಬೇರೆ, ಅದರ ತೂತುಗಳೇ ಬೇರೆ. ಈ ರ‍್ಯಾಮ್‌ನ ಕಚ್ಚೂ ಬೇರೆ ಕಡೆ ಇದೆ."

"ಎಲ್ಲಾ ಒಳ್ಳೇ ಮಾಲೇ ಬರ್ದಿದೀನಲ್ಲ?"

"ಒಂದೊಂದೇ ನೋಡಿದ್ರೆ ಒಳ್ಳೇವೇ. ಒಟ್ಟಿಗೆ ಬಾಳಲ್ಲ."

"ಸ್ವಲ್ಪ ಒತ್ತಿ ಕೂರಿಸಿದ್ರೆ?"

"ಮುರಿಯುತ್ತೆ."

ಅವನು ಬೋರ್ಡಿಗೆ ಹೊಂದುವ ಪ್ರೊಸೆಸರ್, ಅದಕ್ಕೆ ಹೊಂದುವ ರ‍್ಯಾಮ್ ಒಂದೊಂದಾಗಿ ತೆಗೆದಿಟ್ಟ. ಕೊನೆಗೆ ಎರಡು ಪವರ್ ಸಪ್ಲೈಗಳನ್ನು ಅವಳ ಎರಡು ಅಂಗೈಗಳ ಮೇಲಿಟ್ಟ.

"ಕಣ್ ಮುಚ್ಚಿ. ಯಾವ್ದು ಭಾರ?"

"ಬಲಗೈದು."

"ಅದೇ ತಗೊಳ್ಳಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರೋದರ ಮೇಲೆ ನಾನೂರು ವ್ಯಾಟ್ ಅಂತ ಬರ್ದಿರ್ತಾರೆ. ಒಳಗೆ ತಾಮ್ರನೇ ಇರಲ್ಲ. ಬರ್ದಿರೋದು ಸುಳ್ಳು ಹೇಳುತ್ತೆ ಮೇಡಂ, ತೂಕ ಹೇಳಲ್ಲ."

ಡಬ್ಬ ಹಿಂದಕ್ಕೆ ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಅಂಗೈಗೆ ತಾಗಿತು. ಶ್ಯಾಮಲಾ ಕಣ್ಣು ಬಿಟ್ಟಳು... ಇಬ್ಬರೂ ಒಂದೇ ಸಲ ಗೋಡೆಯ ಕ್ಯಾಲೆಂಡರು ನೋಡಿದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಮುಂದಿನ ವಾರ ಅವನೇ ಬಸ್ಸಿನಲ್ಲಿ ಕಂಪ್ಯೂಟರ್ ತಂದ. ಮಾನಿಟರನ್ನು ಸೀಟಿನ ಮೇಲೆ ಕೂರಿಸಿದ್ದಕ್ಕೆ ಕಂಡಕ್ಟರು ಅದಕ್ಕೆ ಅರ್ಧ ಟಿಕೆಟ್ ಹರಿದಿದ್ದ. ಹಗರೆಯ ಮನೆಯ ನಡುಮನೆಯಲ್ಲಿ ಜೋಡಿಸಿ, ಮೊದಲು 'ಶ್ಯಾಮಲಾ' ಎಂದು ಟೈಪ್ ಮಾಡಿ ತೋರಿಸಿದ.

'ನನ್ನ ಹೆಸರು ಇಷ್ಟು ಚೆಂದ ಇತ್ತಾ!' ಅನ್ನಿಸಿತು ಅವಳಿಗೆ.

"ನಿಮ್ಮೂರಲ್ಲಿ ಪಂಪ್‌ಸೆಟ್ಟು ಓಡೋವಾಗ ಮಾತ್ರ ಆನ್ ಮಾಡ್ಬೇಡಿ," ಎಂದು ಹೇಳಿ, ಎರಡು ಲೋಟ ಮಜ್ಜಿಗೆ ಕುಡಿದು ಹೋದ. ಎರಡನೆಯ ಲೋಟ ಅವನಿಗೆ ಬೇಕಿರಲಿಲ್ಲ.

ಹಗರೆಯ ಕರೆಂಟಿನ ಬಗ್ಗೆ ಎರಡು ಮಾತು ಹೇಳಬೇಕು. ಹೊಲದ ಮೋಟಾರುಗಳೆಲ್ಲ ಓಡುವಾಗ ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಲು ಬ್ಯಾಟರಿ ಬಿಡಬೇಕು. ಮೋಟಾರುಗಳು ನಿಂತರೆ ಅದೇ ಬಲ್ಬಿನ ಬೆಳಕಿಗೆ ಕೋಳಿಗಳು ಬೆಳಗಾಯಿತೆಂದು ಎರಡನೇ ಮೊಟ್ಟೆಗೆ ಕೂರುತ್ತವೆ.

ಒಂದು ಬೆಳಗ್ಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕುಳಿತರೆ ಕಂಪ್ಯೂಟರು ಮತ್ತೆ ಮತ್ತೆ ಆರಿಹೋಯಿತು. ಶ್ಯಾಮಲಾ ಟಿ.ವಿ. ಸ್ಟೆಬಿಲೈಸರಿನ ಮುಳ್ಳು ನೋಡಿದಳು. ನೂರಿಪ್ಪತ್ತು! ಕಂಪ್ಯೂಟರಿನ ಬೆನ್ನು ನೋಡಿದಳು. ಪವರ್ ಸಪ್ಲೈಯಲ್ಲೊಂದು ಪುಟ್ಟ ಕೆಂಪು ಗುಂಡಿ. ಒಂದು ಕಡೆ 230, ಇನ್ನೊಂದು ಕಡೆ 115.

'ಅರೆ! ಬರ್ತಿರೋದು ನೂರಿಪ್ಪತ್ತು. ಈ ಮನುಷ್ಯ ಇನ್ನೂರ ಮೂವತ್ತಕ್ಕೆ ಇಟ್ಟು ಹೋಗಿದಾನೆ. ಇಷ್ಟೂ ಗೊತ್ತಾಗಲ್ವಾ!'

ಉಗುರಿನಿಂದ ಗುಂಡಿಯನ್ನು 115ಕ್ಕೆ ಸರಿಸಿದಳು. ಕಂಪ್ಯೂಟರು ಜಮ್ಮನೆ ಓಡಿತು! ಮಧ್ಯಾಹ್ನ ಎರಡರ ತನಕ.

ಎರಡಕ್ಕೆ ಹೊಲದ ಪಂಪುಗಳಿಗೆ ಕೊಡುವ ತ್ರೀಫೇಸ್ ಕರೆಂಟು ಹೋಯಿತು, ಊರಿನ ಮೋಟಾರುಗಳೆಲ್ಲ ನಿಂತವು, ಮನೆಗೆ ಇನ್ನೂರೈವತ್ತು ವೋಲ್ಟು ನುಗ್ಗಿತು.

ಢಬ್!

ಆ ಸದ್ದಿಗೆ ಅಪ್ಪ ಜವರಪ್ಪನ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು, ಅದನ್ನು ಹಿಡಿದದ್ದು ಹಳೇಬೀಡಿನ ಕೆರೆಯಲ್ಲಿ.

ಮಾರನೆಯ ದಿನ ಕ್ಯಾಬಿನೆಟ್ಟನ್ನು ಅಪ್ಪನ ಹೆಗಲಿಗೇರಿಸಿ ಅರಸೀಕೆರೆಗೆ ಬಂದಳು. ಅಂಗಡಿಯಲ್ಲಿ ಹಳೇಬೀಡಿನ ಬಟ್ಟೆ ವ್ಯಾಪಾರಿ ಅನಂತರಾಜರು ಕುಳಿತಿದ್ದರು. ಶಾಲಾ ಸಮಿತಿಯ ಪರವಾಗಿ ಆರು ಕಂಪ್ಯೂಟರಿನ ಆರ್ಡರು ತಂದಿದ್ದರು. ತಿಮ್ಮೇಶನ ಅಂಗಡಿ ಉಳಿಯುವುದೋ ಮುಚ್ಚುವುದೋ ಆ ಆರರ ಮೇಲೇ ನಿಂತಿತ್ತು.

"ತೂಕ ಸುಳ್ಳು ಹೇಳಲ್ಲ ಅಂದ್ರಲ್ಲ! ತೂಕ ಸುಟ್ಟೋಯ್ತು ನೋಡ್ರೀ!" ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು. "ಮಕ್ಳಾಟದ ಮಾಲು ಕೊಟ್ಟು ಮೋಸ ಮಾಡಿದೀರ!"

"ಅದೇ ದುಡ್ಡಿಗೆ ಇನ್ನೊಂದ್ ಎಮ್ಮೆ ಕಟ್ಟಾಣ ಅಂದೆ. ಕೇಳಿದ್ಳಾ? ಇನ್ ಇದ್ರ ಸಾವಾಸ ಸಾಕು, ಮನೇಲಿರು," ಎಂದ ಜವರಪ್ಪ.

ತಿಮ್ಮೇಶ ಕ್ಯಾಬಿನೆಟ್ಟನ್ನು ತಿರುಗಿಸಿದ. ಕೆಂಪು ಗುಂಡಿ 115ರಲ್ಲಿತ್ತು. ಅವನಿಗೆ ಎಲ್ಲ ಅರ್ಥವಾಯಿತು. ಅವಳನ್ನು ನೋಡಿದ, ಅವಳ ಅಪ್ಪನನ್ನು ನೋಡಿದ.

"ತಪ್ಪು ನಂದೇ," ಎಂದ ಜವರಪ್ಪನಿಗೆ. "ಬೇರೆ ಹಾಕ್ಕೊಡ್ತೀನಿ. ಅವ್ರ ಕೆಲ್ಸ ನಿಲ್ಲಿಸ್ಬೇಡಿ ಯಜಮಾನ್ರೇ."

ಅನಂತರಾಜರು ಎದ್ದು ಚಪ್ಪಲಿ ಮೆಟ್ಟಿದರು. "ನೋಡಾಣ ತಿಮ್ಮೇಶ್. ಶನಿವಾರ ನಮ್ಮ ಅಂಗಡಿಗೆ ಬಂದು ನಿಮ್ಮ ಕೊಟೇಶನ್ ವಾಪಸ್ ತಗೊಂಡ್ಹೋಗಿ."

ಮನೆಗೆ ಬಂದು ತಂತಿ ಸಿಕ್ಕಿಸಲು ಬಗ್ಗಿದಾಗ ಶ್ಯಾಮಲಾ ಕಂಡದ್ದು... ಹೊಸ ಸಪ್ಲೈಯ ಕೆಂಪು ಗುಂಡಿಯ ಮೇಲೊಂದು ಬಿಳಿ ಟೇಪು. ಅದರ ಮೇಲೆ ಸಣ್ಣ ಅಕ್ಷರದಲ್ಲಿ: 'ಮೋಟಾರು ನಿಂತಾಗ ಇನ್ನೂರೈವತ್ತು ಬರುತ್ತೆ. 115ಕ್ಕೆ ಹಾಕಿದ್ರೆ ಸುಡುತ್ತೆ. ದಯವಿಟ್ಟು ಮುಟ್ಟಬೇಡಿ.'

ತಂತಿ ಕೆಳಗಿಟ್ಟು ಅದನ್ನು ಮತ್ತೊಮ್ಮೆ ಓದಿದಳು.

'ಅಂದ್ರೆ ಸುಟ್ಟಿದ್ದು ನಾನು! ಅವ್ರಿಗೆ ಗೊತ್ತಿತ್ತು... ಗೊತ್ತಿದ್ದೂ ಅಷ್ಟು ಜನರ ಮುಂದೆ ನನ್ನ ಬೈಗುಳ ನುಂಗಿಕೊಂಡ್ರು. ನಾನು ಅವರ ಅಂಗಡಿಗೇ ಬೆಂಕಿ ಇಟ್ಟು ಬಂದೆ...'

ಶನಿವಾರ ಮೊದಲ ಬಸ್ಸಿಗೇ ಹತ್ತಿದಳು. ಹಳೇಬೀಡಿನ ಆ ಬಟ್ಟೆ ಅಂಗಡಿಯಲ್ಲಿ ಅನಂತರಾಜರ ಮುಂದೆ ತಿಮ್ಮೇಶ ತಲೆ ತಗ್ಗಿಸಿ ಕುಳಿತಿದ್ದ. ಸೀರೆ ಆರಿಸುತ್ತಿದ್ದ ಹೆಂಗಸರು ಏಳೆಂಟು ಜನ.

"ಸುಟ್ಟಿದ್ದು ನಾನು!" ಬಾಗಿಲಲ್ಲೇ ಹೇಳಿದಳು ಶ್ಯಾಮಲಾ.

ಹೆಂಗಸರು ಗಾಬರಿಯಿಂದ ಹಿಂದೆ ಸರಿದರು.

"ಪವರ್ ಸಪ್ಲೈನ ಕಣ್ರೀ! ನಮ್ಮೂರಲ್ಲಿ ನೂರಿಪ್ಪತ್ತೇ ಬರೋದು ಅಂತ ನಾನೇ ಗುಂಡಿ ಬದಲಾಯಿಸ್ದೆ. ಮಾಲಲ್ಲಿ ದೋಷ ಇರ್ಲಿಲ್ಲ, ಇವರಲ್ಲೂ ಇಲ್ಲ." ತಲೆಯೆತ್ತಿಯೇ ಹೇಳಿದಳು. "ತಪ್ಪಾಯ್ತು."

ಅನಂತರಾಜರು ತಿಮ್ಮೇಶನ ಕಡೆ ತಿರುಗಿದರು. "ನಿಮಗಿದು ಗೊತ್ತಿತ್ತೇನ್ರೀ?"

"ಇತ್ತು ಸಾರ್."

"ಮತ್ತೆ ಬಾಯಿ ಬಿಡ್ಲಿಲ್ಲ?"

"ಅವ್ರ ತಂದೆ ಪಕ್ಕದಲ್ಲೇ ಇದ್ರು. ನಿಜ ಹೇಳಿದ್ರೆ ಇವ್ರು ಅಂಗಡಿ ಇಡೋದು ಅಲ್ಲಿಗೇ ನಿಲ್ತಿತ್ತು."

ಅನಂತರಾಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ವ್ಯಾಪಾರಕ್ಕೆ ನಾಲಾಯಕ್ಕು ನೀವು. ಆದ್ರೆ ಮಾಲು ಕೆಟ್ಟರೆ ಬಂದು ನೋಡೋ ಮನುಷ್ಯ ಅಂತೂ ಹೌದು. ಆರೂ ನೀವೇ ಕೊಡಿ."

ಇಬ್ಬರೂ ಬೀದಿಗಿಳಿದರು. ಬಸ್‌ಸ್ಟ್ಯಾಂಡಿನ ತನಕ ಜೊತೆಗೇ ನಡೆದರು.

"ನಿಮಗೆ ನನ್ ಮೇಲೆ ಕೋಪ ಇಲ್ವಾ?" ಕೊನೆಗೆ ಅವಳೇ ಕೇಳಿದಳು.

"ಎರಡು ದಿನ ಇತ್ತು. ಆಮೇಲೆ ನಿಮ್ ಕೂಗಾಟನೂ ಇಲ್ದೆ ಅಂಗಡಿ ಬಿಕೋ ಅಂತು."

ಅವಳ ಕಣ್ಣು ತುಂಬಿತು. ಆದರೆ ಶ್ಯಾಮಲಾ ಶ್ಯಾಮಲಾನೇ. ಅಳುತ್ತಾ ನಿಲ್ಲುವ ಜಾತಿಯಲ್ಲ.

"ನಂಗೆ ನೀವು ಇಷ್ಟ ಕಣ್ರೀ. ಒಂದೇ ದಿನ ಎರಡು ಒಪ್ಕೊಂಡ್ಬಿಟ್ಟೆ... ಇನ್ನು ಈ ವರ್ಷ ಏನೂ ಕೇಳ್ಬೇಡಿ."

ತಿಮ್ಮೇಶ ನಕ್ಕ. ಮೂರು ಬಸ್ಸು ಬಂದು ಹೋದರೂ ನಗುತ್ತಲೇ ಇದ್ದ.

"ಭಾನುವಾರ ಅಪ್ಪ ಮನೇಲಿರ್ತಾರೆ," ಎಂದಳು ನೆಲ ನೋಡುತ್ತಾ. "ಬರ್ತೀರಾ?"

"ಬರ್ತೀನಿ. ಏನ್ ತರ್ಲಿ ಮೇಡಂ?"

"ನಿಮ್ಮಮ್ಮನ್ನ ಕರ್ಕೊಂಡ್ ಬನ್ನಿ. ಆ ಮೇಡಂ ಅನ್ನೋದನ್ನ ಅರಸೀಕೆರೇಲೇ ಬಿಟ್ಬನ್ನಿ."

"ಆಯ್ತು... ಶ್ಯಾಮಲಾ."